ಗಳಿಕೆ ರಜೆ

೨ ಜನವರಿ ೨೦೨೫, ಗುರುವಾರ

ವರ್ಷದ ಮೊದಲ ಕೆಲಸವೆಂದು ರಜೆ ಪುಸ್ತಕ ತೆಗೆದು ಎಲ್ಲರ ಹೆಸರಿನ ಮುಂದೆ ಹೊಸ ಜಮೆ ಬರೆದೆ. ನಮ್ಮ ಅಡಿಕೆ ಮಾರಾಟ ಸಂಘದ ಕೊಪ್ಪ ಕಚೇರಿಯಲ್ಲಿ ಕಾಯಂ ನೌಕರರು ಹದಿನಾಲ್ಕು ಜನ. ಜನವರಿಗೆ ಹದಿನೈದು ದಿನ, ಜುಲೈಗೆ ಹದಿನೈದು ದಿನ ಗಳಿಕೆ ರಜೆ. ವರ್ಷಕ್ಕೆ ಹದಿನೈದು ದಿನ ಸಾಂದರ್ಭಿಕ ರಜೆ. ಕಾಯಿಲೆಯದು ಬೇರೆ. ನನ್ನ ಹೆಸರಿನ ಮುಂದೆ ಹದಿನೈದು ಎಂದು ಬರೆದು, ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ‘ಮಿತಿ ಮೀರಿದ್ದರಿಂದ ರದ್ದು’ ಎಂದೂ ಬರೆದೆ. ಮುನ್ನೂರು ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ನನ್ನ ಮುನ್ನೂರು ತುಂಬಿ ಆರು ವರ್ಷವಾಯಿತು. ಅಂದಿನಿಂದ ಬಂದದ್ದೆಲ್ಲ ಬಂದ ದಿನವೇ ಹೋಗುತ್ತಿದೆ.

ಕಾರ್ಯದರ್ಶಿ ತ್ರ್ಯಂಬಕ ಅವರು ಪುಸ್ತಕಕ್ಕೆ ಸಹಿ ಹಾಕುತ್ತ, ಷಡಕ್ಷರಿಯವರೇ, ನಿಮ್ಮ ಪುಟ ನೋಡಿ ಉಳಿದವರು ಕಲಿಯಬೇಕು ಎಂದರು. ಮೂವತ್ಮೂರು ವರ್ಷದ ನೌಕರಿ. ಮೇ ೩೧ಕ್ಕೆ ನಿವೃತ್ತಿ. ಖುಷಿಯಾಗದೆ ಇರಲಿಲ್ಲ.

ಗಳಿಕೆ ರಜೆ ಬಾಕಿ ೩೦೦. ಸಾಂದರ್ಭಿಕ ೧೫.

೩ ಜನವರಿ, ಶುಕ್ರವಾರ

ಒಂದೇ ದಿನ ಎರಡು ಅರ್ಜಿ ಬಂದವು. ಒಂದು ಕಾರ್ಯದರ್ಶಿಯವರದು. ಪ್ರಯಾಗದ ಕುಂಭಸ್ನಾನ, ಕಾಶಿ, ಗಯಾ. ಜನವರಿ ೨೦ರಿಂದ ಇಪ್ಪತ್ತು ದಿನ. ಅವರಿಗೆ ರಜೆ ಇದೆ, ಅಧ್ಯಕ್ಷರ ಒಪ್ಪಿಗೆಯೂ ಇದೆ. ಅಡಿಕೆ ಬರುವ ಕಾಲ ಎಂಬ ಮಾತು ಯಾರೂ ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ಟಿಪ್ಪಣಿ ಬರೆದು ಮಂಡಿಸಿದೆ.

ಇನ್ನೊಂದು ಕಂಪ್ಯೂಟರಿನ ಹೊರಗುತ್ತಿಗೆ ಹುಡುಗಿಯದು. ಶಿಲ್ಪಶ್ರೀ ಎಂದು ಹೆಸರು. ಅವಳ ತಂದೆಗೆ ಎರಡೂ ಕಿಡ್ನಿ ಹೋಗಿ ಎನ್.ಆರ್.ಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗುತ್ತಿದೆಯಂತೆ. ಸೋಮವಾರ, ಬುಧವಾರ, ಶುಕ್ರವಾರ. ಆ ಮೂರು ದಿನ ಮಧ್ಯಾಹ್ನದವರೆಗೆ ಬಿಟ್ಟುಕೊಟ್ಟರೆ ಭಾನುವಾರ ಬಂದು ಕೆಲಸ ತುಂಬಿಕೊಡುತ್ತೇನೆ ಎಂದು ಬರೆದಿದ್ದಾಳೆ. ಅಕ್ಷರ ದುಂಡಾಗಿದೆ.

ಹೊರಗುತ್ತಿಗೆಯ ಐದು ಜನರಿಗೆ ರಜೆ ಪುಸ್ತಕವೇ ಇಲ್ಲ. ನಾವು ಬೆರಳೊತ್ತುವ ಯಂತ್ರವೂ ಅವರಿಗಿಲ್ಲ. ಉದ್ದ ನೋಟ್‌ಬುಕ್ಕಿನಲ್ಲಿ ಸಹಿ. ತಿಂಗಳಿಗೆ ಒಂದು ದಿನ ಬಿಡುವು. ಅದರ ಮೇಲೆ ಹೋದರೆ ಸಂಬಳ ಕಡಿತ, ಪದೇ ಪದೇ ಆದರೆ ಶಿವಮೊಗ್ಗದ ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತಾರೆ. ಡಿಸೆಂಬರಿನಲ್ಲಿ ಇವಳದು ಆರು ದಿನ ಹೋಗಿ, ಎಚ್ಚರಿಕೆಯ ಪತ್ರ ಬಂದಾಗಿದೆ. ‘ನಿಯಮದಲ್ಲಿ ಅವಕಾಶವಿಲ್ಲ’ ಎಂದು ಬರೆದು ಕಳಿಸಿದೆ.

೩೦೦. ೧೫.

೮ ಜನವರಿ, ಬುಧವಾರ

ಇವತ್ತು ಎರಡೂವರೆಗೆ ಕಚೇರಿಯ ಫೋನಿಗೆ ಎನ್.ಆರ್.ಪುರದಿಂದ ಕರೆ. ಎತ್ತಿದವನು ನಾನೇ. ಬಸ್ ಸ್ಟ್ಯಾಂಡಿನ ಹಣ್ಣಿನ ಅಂಗಡಿಯವನು. ಸೋಮನಾಥಣ್ಣ ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಬರುವಾಗ ತಲೆ ಸುತ್ತಿ ಬಿದ್ದಿದ್ದಾರೆ, ಹಣೆಗೆ ನಾಲ್ಕು ಹೊಲಿಗೆ, ಮಗಳಿಗೆ ಹೇಳಿ ಎಂದ.

ಹೇಳಿದೆ. ಹುಡುಗಿ ಎದ್ದು ನಿಂತಳು, ಮತ್ತೆ ಕೂತಳು. ಮಾರಾಟದ ಚೀಟಿಗಳಿಗಾಗಿ ಬೆಳೆಗಾರರು ಸಾಲಾಗಿ ನಿಂತಿದ್ದರು. ಐದು ಗಂಟೆಯವರೆಗೆ ಚೀಟಿ ತೆಗೆದಳು. ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಒಬ್ಬ ಬೆಳೆಗಾರನ ಹೆಸರನ್ನು ಮೂರು ಸಲ ತಿದ್ದಿದಳು.

೯ ಜನವರಿ, ಗುರುವಾರ

ಬೆಳಿಗ್ಗೆ ಒಂದು ಅರ್ಜಿ ಬರೆದೆ. ನನ್ನ ಹೆಸರಿನಲ್ಲಿ ರದ್ದಾದ ಹದಿನೈದು ದಿನವನ್ನು ಕುಮಾರಿ ಶಿಲ್ಪಶ್ರೀಯವರಿಗೆ ಕೊಡಬಹುದೇ ಎಂದು. ಹೇಗೂ ಹಾಳಾಗುವುದು ಎಂಬ ಯೋಚನೆ, ಬೇರೇನಲ್ಲ.

ತ್ರ್ಯಂಬಕರು ಓದಿ ನಗಲಿಲ್ಲ. ಒಳ್ಳೆಯ ಮನುಷ್ಯರೇ. ‘ನಿಯಮ ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಸಿಬ್ಬಂದಿ ವಿಭಾಗಕ್ಕೆ ಕಳಿಸಿದರು. ಸಿಬ್ಬಂದಿ ವಿಭಾಗವೆಂದರೆ ನಾನು. ಮಧ್ಯಾಹ್ನ ನನ್ನ ಅರ್ಜಿಯ ಕೆಳಗೆ ನಾನೇ ಬರೆದೆ: ‘ರಜೆಯನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲು ಅವಕಾಶವಿಲ್ಲ. ಸದರಿ ಹುಡುಗಿ ಸಂಘದ ನೌಕರಳೂ ಅಲ್ಲ.’

ಏಳು ವರ್ಷದಿಂದ ನನ್ನ ಮೇಜಿನ ಎದುರೇ ಕೂರುತ್ತಾಳೆ.

೧೨ ಜನವರಿ, ಭಾನುವಾರ

ಮಧ್ಯಾಹ್ನದ ಊಟ ಮುಗಿಸಿ ಹೆಂಡತಿ ಅನ್ನಪೂರ್ಣಳಿಗೆ ಹೇಳಿದೆ: ರಜೆಯನ್ನು ಕೊಡುವಂತಿಲ್ಲ, ಹಾಕುವಂತಿದೆ. ನನಗೆ ಸಾಂದರ್ಭಿಕ ರಜೆ ಹದಿನೈದಿದೆ, ಆ ಮನುಷ್ಯನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರೆ ಹೇಗೆ ಎಂದು. ಅವಳು ಅಡಿಕೆ ಕತ್ತರಿಸುತ್ತಿದ್ದಳು. ಎಲೆತಟ್ಟೆ ಎತ್ತಿಕೊಂಡು ಒಳಗೆ ಹೋದಳು.

೧೩ ಜನವರಿ, ಸೋಮವಾರ

ರಜೆ ಹಾಕಿದೆ. ಕಾರಣ: ಸ್ವಂತ ಕೆಲಸ. ಬೆಳಿಗ್ಗೆ ಮೊದಲ ಬಸ್ಸಿಗೆ ಎನ್.ಆರ್.ಪುರ, ಅಲ್ಲಿಂದ ಅವರ ಊರು ಮುತ್ತಿನಕೊಪ್ಪ. ನಿನ್ನೆ ಸಂಜೆಯೇ ಶಿಲ್ಪಶ್ರೀಗೆ ಫೋನಿನಲ್ಲಿ ತಿಳಿಸಿದ್ದೆ. ಅವಳು ಬೇಡ ಸಾರ್ ಎನ್ನುತ್ತಲೇ ಇದ್ದಳು. ಕೊನೆಗೆ, ಅಪ್ಪನಿಗೆ ನೀರು ಕೊಡಬೇಡಿ, ಎಷ್ಟು ಕೇಳಿದರೂ ಕೊಡಬೇಡಿ ಎಂದಳು.

ಸೋಮನಾಥನಿಗೆ ಐವತ್ತೇಳು ವರ್ಷ, ನನಗಿಂತ ಚಿಕ್ಕವನು. ನೋಡಿದರೆ ನನ್ನ ಅಣ್ಣನಂತೆ ಕಾಣುತ್ತಾನೆ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಒಬ್ಬ ತಂಗಿ ಭಂಡಿಗಡಿಯಲ್ಲಿದ್ದಾಳೆ, ಅಲ್ಲಿ ಈಗ ಕೊಯ್ಲು, ಬರುವಂತಿಲ್ಲ. ಇವನು ಎನ್.ಆರ್.ಪುರದ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟಾಗಿದ್ದ. ಊರಿನ ಹೆಸರು ಕೂಗಿ ಜನ ಹತ್ತಿಸುವುದು, ಸಮಯಕ್ಕೆ ಸರಿಯಾಗಿ ಬಸ್ಸು ಬಿಡಿಸುವುದು. ಇಪ್ಪತ್ತೆಂಟು ವರ್ಷ. ಕೂಗಿ ಕೂಗಿ ಗಂಟಲು ಒಡೆದು, ಈಗ ಮಾತಾಡಿದರೆ ಕಾಗದ ಹರಿದ ಹಾಗೆ ಕೇಳಿಸುತ್ತದೆ.

ಎಡಗೈಯಲ್ಲಿ ಉಬ್ಬಿದ ನರಕ್ಕೆ ಎರಡು ಸೂಜಿ ಚುಚ್ಚಿದರು. ನಾನು ಬೇರೆ ಕಡೆ ನೋಡಿದೆ. ನಾಲ್ಕು ತಾಸು ಅವನ ರಕ್ತ ಹೊರಗೆ ಸುತ್ತಿ ಒಳಗೆ ಬರುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದು ಕೇಳಿದ: “ನೀವು ಯಾರು ಅಂತ ಗೊತ್ತಾಯ್ತು ಮಾರಾಯ್ರೇ. ಯಾಕೆ ಬಂದ್ರಿ ಅಂತ ಗೊತ್ತಾಗ್ಲಿಲ್ಲ.”

ನನಗೆ ರಜೆ ಇತ್ತು ಎಂದೆ.

ಸಾಂದರ್ಭಿಕ ೧೪.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಬಂದವರೆಲ್ಲ ಹೋದ ಮೇಲೆ ಅನ್ನಪೂರ್ಣ ಎರಡು ದಿನದ ಮೌನ ಮುರಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

“ನನ್ನ ಅವ್ವ ಶಿವಮೊಗ್ಗದಲ್ಲಿ ಹದಿನೇಳು ದಿನ ಮಲಗಿದ್ಲು. ನೀವು ಎರಡು ಭಾನುವಾರ ಬಂದ್ರಿ. ಆಗ ನಿಮ್ಮ ಹತ್ರ ರಜೆ ಇರ್ಲಿಲ್ವಾ?”

ಇತ್ತು. ಇನ್ನೂರ ನಲವತ್ತೋ ಎಷ್ಟೋ ಇತ್ತು. ಆಡಿಟ್ ನಡೆಯುತ್ತಿತ್ತು ಎಂದು ಹೇಳಲು ಹೋದೆ. ಮಗಳು ಕೃತಿಕಾಳ ಬಾಣಂತನದ ಮಾತೂ ಬಂತು. ತರೀಕೆರೆಗೆ ನಾನು ಮೊಮ್ಮಗುವಿನ ನಾಮಕರಣದ ದಿನವೇ ಹೋಗಿ ಸಂಜೆಯೇ ಹಿಂತಿರುಗಿದ್ದೆ.

೧೫ ಜನವರಿ, ಬುಧವಾರ

ಬೆಳಿಗ್ಗೆ ಹೊರಡುವಾಗ ಚೀಲದಲ್ಲಿ ಒಂದು ಡಬ್ಬಿ ಇತ್ತು. ಉಪ್ಪಿಲ್ಲದ ಅಕ್ಕಿ ರೊಟ್ಟಿ, ಸಪ್ಪೆ ಹೀರೆಕಾಯಿ ಪಲ್ಯ. ಅವರಿಗೆ ಉಪ್ಪು ಆಗಲ್ಲ ಅಂತ ಪಕ್ಕದ ಮನೆಯವರು ಹೇಳಿದರು ಎಂದು ಬಾಗಿಲ ಹಿಂದಿನಿಂದಲೇ ಹೇಳಿದಳು.

೨೭ ಜನವರಿ, ಸೋಮವಾರ

ಮೂರನೆಯ ವಾರ. ನರ್ಸುಗಳು ನನ್ನನ್ನು ಸೋಮನಾಥನ ಅಣ್ಣ ಎಂದುಕೊಂಡಿದ್ದಾರೆ. ತಿದ್ದಲು ಹೋಗಿಲ್ಲ.

ಅವನಿಗೆ ದಿನಕ್ಕೆ ಎರಡು ಸಣ್ಣ ಲೋಟ ನೀರು. ಅಷ್ಟೇ. ಬಾಯಾರಿಕೆ ಹೆಚ್ಚಾದಾಗ ಒಂದು ಚೂರು ಐಸು ನಾಲಿಗೆಯ ಮೇಲೆ ಇಡಬಹುದು. ಇಟ್ಟಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ವಾರ್ಡಿನ ಕಿಟಕಿಯಿಂದ ರಸ್ತೆ ಕಾಣುವುದಿಲ್ಲ, ಹಾರ್ನ್ ಕೇಳಿಸುತ್ತದೆ. ಅಷ್ಟರಲ್ಲೇ ಬಸ್ಸಿನ ಹೆಸರು ಹೇಳುತ್ತಾನೆ. ಬಾಳೆಹೊನ್ನೂರಿನದು ಆರು ನಿಮಿಷ ಲೇಟು, ಇವತ್ತು ಬೇರೆ ಡ್ರೈವರ್, ಗೇರ್ ಬದಲಿಸುವುದು ಒರಟು ಎನ್ನುತ್ತಾನೆ. ಅವನಿಗೂ ರಜೆ ಇರಲಿಲ್ಲವೇ ಎಂದು ಕೇಳಿದೆ. ಬಸ್ಸು ನಿಂತ ದಿನವೇ ತನಗೂ ರಜೆ ಎಂದ. ಹೆಂಡತಿ ತೀರಿಕೊಂಡ ಮಾರನೆಯ ದಿನವೂ ಕೆಲಸಕ್ಕೆ ಹೋಗಿದ್ದನಂತೆ. ಮನೆಯಲ್ಲಿ ಶಿಲ್ಪಶ್ರೀ ಒಬ್ಬಳೇ ಇದ್ದಳು, ಪಿಯುಸಿ ಮುಗಿಸಿದ ಹುಡುಗಿ. “ಆ ದಿನ ಹೋಗಬಾರದಿತ್ತು” ಎಂದು ಯಂತ್ರದ ಕಡೆ ಮುಖ ಮಾಡಿದ.

ಕಾರ್ಯದರ್ಶಿಯವರು ಕಾಶಿಯಲ್ಲಿದ್ದಾರೆ. ಕಚೇರಿಯ ಗುಂಪಿಗೆ ಗಂಗೆಯ ಫೋಟೋ ಕಳಿಸಿದ್ದರು. ಅವರಿಲ್ಲದೆ ಕಚೇರಿ ನಡೆಯುತ್ತಿದೆ. ನಾನಿಲ್ಲದ ದಿನಗಳಲ್ಲೂ ನಡೆಯುತ್ತಿದೆ. ಶಿಲ್ಪಶ್ರೀ ಇಲ್ಲದಿದ್ದರೆ ಮಾತ್ರ ಒಂದು ಚೀಟಿಯೂ ಹೊರಡುವುದಿಲ್ಲ.

೭ ಫೆಬ್ರವರಿ, ಶುಕ್ರವಾರ

ತೂಕ ಎರಡೂವರೆ ಕೆಜಿ ಜಾಸ್ತಿ ಬಂದಿತ್ತು. ಕದ್ದು ನೀರು ಕುಡಿದಿದ್ದಾನೆ. ನರ್ಸ್ ಬೈದರು. ನಾನೂ ಬೈದೆ, ಜೋರಾಗಿಯೇ. ಮುತ್ತಿನಕೊಪ್ಪದ ತಿರುವಿನಲ್ಲಿ ಇಳಿಯುವಾಗ ನನ್ನ ಭುಜ ಹಿಡಿದುಕೊಂಡ. ಮನೆ ತಲುಪುವವರೆಗೆ ಆ ಕೈ ತೆಗೆಯಲಿಲ್ಲ.

೧೫ ಫೆಬ್ರವರಿ, ಶನಿವಾರ

ಸಾಂದರ್ಭಿಕ ರಜೆ ನಿನ್ನೆಗೆ ಮುಗಿಯಿತು. ಇಂದು ಗಳಿಕೆ ರಜೆಗೆ ಅರ್ಜಿ ಕೊಟ್ಟೆ, ಮೇ ತಿಂಗಳವರೆಗೆ ವಾರಕ್ಕೆ ಮೂರು ದಿನ.

ತ್ರ್ಯಂಬಕರು ಒಳಗೆ ಕರೆದರು. ಕಾಶಿಯ ಪ್ರಸಾದ ಕೊಟ್ಟರು. ಹೀಗೆ ಒಡೆದು ಒಡೆದು ಹಾಕಿದರೆ ಕಚೇರಿ ಹೇಗೆ, ಮಾರ್ಚ್ ಕೊನೆ ಬರುತ್ತಿದೆ, ಆಡಿಟ್ ಇದೆ, ರಜೆ ಹಕ್ಕಲ್ಲವೆಂದು ನೀವೇ ಎಲ್ಲರಿಗೂ ಹೇಳಿಕೊಂಡು ಬಂದವರು ಎಂದರು. ನಿಜ, ನೂರು ಸಲ ಹೇಳಿದ್ದೇನೆ. ನಿವೃತ್ತಿಯ ಹೊತ್ತಿಗೆ ಕೂಡಿಟ್ಟದ್ದಕ್ಕೆಲ್ಲ ಸಂಬಳ ಬರುತ್ತದಲ್ಲ, ಯಾರದೋ ಮನೆಯವರಿಗಾಗಿ ಯಾಕೆ ಕಳೆದುಕೊಳ್ಳುತ್ತೀರಿ ಎಂದೂ ಕೇಳಿದರು. ಕಾಳಜಿಯಿಂದಲೇ.

ನನಗೆ ಕೋಪ ಬಂತು. ಅವರ ಮೇಲೆ ಹಿಂದೆ ಬಂದದ್ದಿಲ್ಲ. “ಸಾರ್, ನಿಮ್ಮ ಇಪ್ಪತ್ತು ದಿನದ ಫೈಲು ಮಂಡಿಸಿದ್ದು ನಾನು. ಅವಳ ಅರ್ಧ ದಿನದ್ದಕ್ಕೆ ಆಗಲ್ಲ ಅಂತ ಬರೆದಿದ್ದೂ ನಾನೇ. ಎರಡೂ ಒಂದೇ ದಿನ.”

ಅವರು ನನ್ನ ಅರ್ಜಿಗೆ ಸಹಿ ಹಾಕಿದರು. ಅವಳದಕ್ಕೆ ಮಾತ್ರ ತಮ್ಮ ಕೈಯಲ್ಲಿ ಏನೂ ಇಲ್ಲ, ಏಜೆನ್ಸಿಯವರ ಕರಾರು ಹಾಗಿದೆ ಎಂದರು.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಎಲ್ಲರಿಗೂ ರಜೆ, ಶಿಲ್ಪಶ್ರೀಗೂ. ತಂದೆಯನ್ನು ಇವತ್ತು ಅವಳೇ ಕರೆದುಕೊಂಡು ಹೋದಳು. ನಾನು ಮನೆಯಲ್ಲಿ ಪೂಜೆ ಮುಗಿಸಿ ಸುಮ್ಮನೆ ಕೂತಿದ್ದೆ. ಒಂಬತ್ತಕ್ಕೆ ಸೂಜಿ ಹಾಕಿರುತ್ತಾರೆ ಎನಿಸಿತು. ಹನ್ನೊಂದಕ್ಕೆ ಬಿ.ಪಿ. ನೋಡಿರುತ್ತಾರೆ. ಒಂದು ಗಂಟೆಗೆ ಫೋನ್ ಮಾಡಿದೆ. ಸರಿಯಾಗಿ ಆಯ್ತು ಸಾರ್, ಅಪ್ಪ ಇವತ್ತು ನಕ್ಕರು ಎಂದಳು. ಹಿಂದಿನಿಂದ ಅವನ ಒಡಕು ದನಿ, ನಮ್ಮ ಸಾಹೇಬರಿಗೂ ಒಂದು ದಿನ ರಜೆ ಬೇಡವಾ ಎನ್ನುತ್ತಿತ್ತು.

ಅನ್ನಪೂರ್ಣ ನನ್ನನ್ನು ನೋಡಿ, ಬೇಕಾದರೆ ಮಧ್ಯಾಹ್ನದ ಬಸ್ಸಿಗೆ ಹೋಗಿಬನ್ನಿ ಎಂದಳು.

೭ ಮಾರ್ಚ್, ಶುಕ್ರವಾರ

ಸೋಮನಾಥನಿಗೆ ಜ್ವರ ಬಂದು ಶಿಲ್ಪಶ್ರೀ ಮಂಗಳವಾರ ಮತ್ತು ನಿನ್ನೆ ಎರಡು ದಿನ ಮನೆಯಲ್ಲಿದ್ದಳು. ಏಜೆನ್ಸಿಯಿಂದ ಇ-ಮೇಲ್ ಬಂದಿದೆ: ಮಾರ್ಚಿನಲ್ಲಿ ಇನ್ನೊಂದು ದಿನ ಗೈರಾದರೆ ಬದಲಿ ಕಳಿಸುತ್ತೇವೆ. ಅದನ್ನು ಅವಳ ಕೈಗೆ ಕೊಡಬೇಕಾದವನು ನಾನು. ಆಸ್ಪತ್ರೆಯಿಂದ ಬಂದು, ಸಂಜೆ ಐದಕ್ಕೆ ಕಚೇರಿಗೆ ಹೋಗಿ ಕೊಟ್ಟೆ. ಓದಿ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡಳು. ಸಂಬಳ ನಿಂತರೆ ಅಪ್ಪನ ಇಂಜೆಕ್ಷನ್ ನಿಲ್ಲುತ್ತದೆ ಸಾರ್, ಏನೇ ಆದರೂ ಈ ತಿಂಗಳು ನಾನು ಬರುತ್ತೇನೆ ಎಂದಳು.

೧೪ ಮಾರ್ಚ್, ಶುಕ್ರವಾರ

ಜ್ವರ ಬಿಟ್ಟರೂ ಸುಸ್ತು ಹೋಗಿಲ್ಲ. ಡಾಕ್ಟರು ಎದೆಯ ಫೋಟೋ ತೆಗೆಸಿದರು, ಹೃದಯ ದೊಡ್ಡದಾಗಿದೆ, ಹುಷಾರಾಗಿರಬೇಕು ಎಂದರು. ಊಟ ಬೇಡವೆಂದ. ಡಬ್ಬಿ ಹಾಗೇ ವಾಪಸು ಬಂತು.

ಯಂತ್ರ ನಿಂತ ಮೇಲೆ, ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಹಿಡಿದುಕೊಂಡಿದ್ದೆ. ಆಗ ಹೇಳಿದ: “ಸೋಮವಾರ ಶಿಲ್ಪನ್ನ ಕಳಿಸಕ್ಕೆ ಆಗ್ತದಾ ನೋಡಿ. ಅವಳ ಹತ್ರ ಕೇಳಕ್ಕೆ ನನಗೆ ಬಾಯಿ ಬರಲ್ಲ. ನೀವು ಬೇಡ ಅಂತಲ್ಲ. ಒಂದಿನ ಅವಳಿರ್ಲಿ.”

ನೋಡೋಣ ಎಂದೆ. ಮೂವತ್ಮೂರು ವರ್ಷ ರಜೆ ಕೇಳಿ ಬಂದವರಿಗೆ ಹೇಳಿಕೊಂಡು ಬಂದ ಮಾತು. ಅಭ್ಯಾಸದಿಂದ ಬಂತು.

೧೫ ಮಾರ್ಚ್, ಶನಿವಾರ

ಕಚೇರಿಗೆ ಹೋದೆ. ಆಡಿಟಿನವರು ಸೋಮವಾರ ಬರುತ್ತಾರೆ. ಶಿಲ್ಪಶ್ರೀ ತಲೆ ಎತ್ತದೆ ಪಟ್ಟಿ ತೆಗೆಯುತ್ತಿದ್ದಳು. ಕಾರ್ಯದರ್ಶಿಯವರನ್ನು ಕೇಳಿದೆ, ಸೋಮವಾರ ಒಂದು ದಿನ ಅವಳನ್ನು ಬಿಡಬಹುದೇ ಎಂದು. ಬಿಡಬಹುದು, ಹಾಜರಿ ಹಾಕಲು ಆಗುವುದಿಲ್ಲ, ಆಡಿಟಿನವರ ಕಣ್ಣೆದುರೇ ಪುಸ್ತಕ ಇರುತ್ತದೆ ಎಂದರು. ಹಾಜರಿ ಹಾಕದಿದ್ದರೆ ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತಾರೆ.

ಅವಳ ಮೇಜಿನ ಹತ್ತಿರ ಎರಡು ಸಲ ಹೋದೆ. ಅಪ್ಪ ಹೇಗಿದ್ದಾರೆ ಸಾರ್, ಡಾಕ್ಟರು ಏನಂದರು ಎಂದು ಅವಳೇ ಕೇಳಿದಳು. ಹೇಳಿದರೆ ಹೊರಟೇಬಿಡುತ್ತಾಳೆ, ಕೆಲಸ ಹೋಗುತ್ತದೆ. ಸುಸ್ತಿದೆ, ಸರಿಹೋಗುತ್ತದೆ ಎಂದೆ. ಆಡಿಟ್ ಮುಗಿಯಲಿ, ಮುಂದಿನ ವಾರ ಏನಾದರೂ ಮಾಡೋಣ.

ಇದೇ ಸರಿ ಎಂದು ಕಾಣುತ್ತದೆ.

೧೭ ಮಾರ್ಚ್, ಸೋಮವಾರ

ಸೋಮನಾಥ ಹೋದ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ.

ನನ್ನನ್ನು ಕಂಡಾಗ ನನ್ನ ಹಿಂದೆ ಬಾಗಿಲ ಕಡೆ ನೋಡಿದ.

೧೮ ಮಾರ್ಚ್, ಮಂಗಳವಾರ

ಮುತ್ತಿನಕೊಪ್ಪದಲ್ಲಿ ಮಣ್ಣಾಯಿತು. ಅನ್ನಪೂರ್ಣ ಜೊತೆಗೆ ಬಂದಿದ್ದಳು. ಬಸ್ಸಿನ ಡ್ರೈವರುಗಳು, ಕಂಡಕ್ಟರುಗಳು ಸುಮಾರು ಜನ ಬಂದಿದ್ದರು. ಕಚೇರಿಯಿಂದ ಹೂವಿನ ಹಾರ ಬಂತು.

ನಿನ್ನೆ ಬರೆಯಲಾಗಲಿಲ್ಲ, ಬರೆದಿಡುತ್ತೇನೆ. ಮೂರನೆಯ ತಾಸಿಗೆ ಬಿ.ಪಿ. ಬಿತ್ತು. ನರ್ಸ್ ಓಡಿ ಬಂದರು, ಡಾಕ್ಟರು ಅಲ್ಲೇ ಇದ್ದರು, ಎದೆ ಒತ್ತಿದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ನಾನು ಕಾಲು ಉಜ್ಜುತ್ತಿದ್ದೆ. ಪಾದ ತಣ್ಣಗಿತ್ತು. ಅದಕ್ಕೂ ಮೊದಲು ಅವನು ಏನೋ ಹೇಳಿದ, ಕಿವಿ ಹತ್ತಿರ ಇಟ್ಟೆ. “ಶಿಲ್ಪ” ಎಂದ. ಅವಳು ಬರುತ್ತಿದ್ದಾಳೆ, ಬಸ್ಸಿನಲ್ಲಿದ್ದಾಳೆ ಎಂದೆ. ಯಾವ ಬಸ್ಸು ಎಂದು ಕೇಳಿದ. ನನಗೆ ಒಂದು ಬಸ್ಸಿನ ಹೆಸರೂ ಬಾಯಿಗೆ ಬರಲಿಲ್ಲ.

ಆ ಹೊತ್ತಿಗೆ ಅವಳು ಕೊಪ್ಪದಲ್ಲಿ ಆಡಿಟಿನವರಿಗೆ ಪಟ್ಟಿ ತೆಗೆದುಕೊಡುತ್ತಿದ್ದಳು. ಒಂದೂವರೆಗೆ ಬಂದಳು. ಅಳಲಿಲ್ಲ. ಅವನ ಹಣೆಯ ಹಳೆಯ ಹೊಲಿಗೆಯ ಗುರುತನ್ನು ಬೆರಳಲ್ಲಿ ಮುಟ್ಟುತ್ತ ನಿಂತಿದ್ದಳು. ನಂತರ ನನ್ನ ಕಡೆ ತಿರುಗಿ, ನೀವಾದರೂ ಇದ್ದಿರಲ್ಲ ಸಾರ್ ಎಂದಳು.

೨೧ ಮಾರ್ಚ್, ಶುಕ್ರವಾರ

ಮೂರು ದಿನ ಗೈರು ಎಂದು ಏಜೆನ್ಸಿಯವರು ಬದಲಿ ಕಳಿಸಿದರು. ತಂದೆ ತೀರಿಕೊಂಡಿದ್ದಾರೆ ಎಂದು ನಾನೂ ಬರೆದಿದ್ದೆ, ಕಾರ್ಯದರ್ಶಿಯವರೂ ಫೋನ್ ಮಾಡಿದ್ದರು. ಸಂತಾಪವಿದೆ, ಕರಾರಿನಲ್ಲಿ ಅಂತಹ ರಜೆ ಇಲ್ಲ ಎಂದು ಉತ್ತರ. ನಮ್ಮಲ್ಲಿ ಕಾಯಂ ನೌಕರರಿಗೆ ಅದಕ್ಕೆಂದೇ ಹನ್ನೊಂದು ದಿನವಿದೆ. ಆ ನಿಯಮದ ಪ್ರತಿ ನನ್ನ ಕೈಬರಹದಲ್ಲೇ ಇದೆ.

ಹೊಸ ಹುಡುಗಿ ಮೇಘನ, ಶೃಂಗೇರಿ ಕಡೆಯವಳು. ಚುರುಕು. ಮಧ್ಯಾಹ್ನ ನನ್ನ ಹತ್ತಿರ ಬಂದು ತನಗೆ ವರ್ಷಕ್ಕೆ ರಜೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿದಳು. ಹೇಳಿದೆ. ಸರಿ ಸಾರ್ ಎಂದು ಹೋಗಿ ಶಿಲ್ಪಶ್ರೀಯ ಕುರ್ಚಿಯಲ್ಲಿ ಕೂತಳು.

ಯಾವ ಕೆಲಸ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡೆನೋ ಆ ಕೆಲಸ ನಾಲ್ಕು ದಿನವೂ ಉಳಿಯಲಿಲ್ಲ.

೨೪ ಮಾರ್ಚ್, ಸೋಮವಾರ

ಊಟ ಸೇರಲಿಲ್ಲ. ಅನ್ನಪೂರ್ಣಳಿಗೆ ಎಲ್ಲ ಹೇಳಿದೆ. ಶುಕ್ರವಾರ ಅವನು ಕೇಳಿದ್ದು, ಶನಿವಾರ ನಾನು ಹೇಳದೆ ಇದ್ದದ್ದು. ಅವಳು ನನಗೆ ಸಮಾಧಾನ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಆ ಹುಡುಗಿಗೆ ಹೇಳಬೇಕು ಎಂದಷ್ಟೇ ಅಂದಳು. ಹೇಳದಿದ್ದರೆ ಅವಳಿಗೆ ಗೊತ್ತೇ ಆಗುವುದಿಲ್ಲ, ಸುಮ್ಮನೆ ನೋವು ಕೊಟ್ಟಂತಾಗುತ್ತದೆ ಎಂದೆ.

“ಅದನ್ನೂ ನೀವೇ ತೀರ್ಮಾನ ಮಾಡ್ತೀರಾ?”

೨೭ ಮಾರ್ಚ್, ಗುರುವಾರ

ಹನ್ನೊಂದನೆಯ ದಿನದ ಗಣಾರಾಧನೆಗೆ ಮುತ್ತಿನಕೊಪ್ಪಕ್ಕೆ ಹೋಗಿದ್ದೆವು. ಊಟ ಮುಗಿದು ಜನ ಕರಗಿದ ಮೇಲೆ, ಶಿಲ್ಪಶ್ರೀ ಹಿತ್ತಿಲಿನಲ್ಲಿ ಪಾತ್ರೆ ಜೋಡಿಸುತ್ತಿದ್ದಳು. ಅಲ್ಲಿ ಹೋಗಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬ ಕಾರಣ ಹೇಳಲು ಹೊರಟೆ, ಅವಳು ತಡೆದಳು.

“ಅಪ್ಪ ಯಾವತ್ತು ಕೇಳಿದ್ದು?”

ಶುಕ್ರವಾರ ಎಂದೆ.

“ಶನಿವಾರ ನೀವು ನನ್ನ ಎದುರಿಗೇ ಇದ್ರಿ ಸಾರ್. ನಾನು ಕೇಳಿದೆ, ಅಪ್ಪ ಹೇಗಿದ್ದಾರೆ ಅಂತ.”

ಹೌದು ಎಂದೆ. ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. “ಕೆಲಸ ಬೇಕಾ ಅಪ್ಪ ಬೇಕಾ ಅಂತ ನನ್ನನ್ನ ಒಂದು ಮಾತು ಕೇಳಬಹುದಿತ್ತು.” ದನಿ ಏರಿಸಲಿಲ್ಲ. ಒಳಗೆ ಹೋದಳು. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಅವಳ ಅತ್ತೆ, ಭಂಡಿಗಡಿಯವರು, ಅನ್ನಪೂರ್ಣಳಿಗೆ ಕುಂಕುಮ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ವಾಪಸು ಹೊರಟೆವು. ಬಾಳೆಹೊನ್ನೂರು ದಾಟಿದ ಮೇಲೆ, ಅವ್ವ ಕೊನೆಯ ದಿನ ನಿಮ್ಮನ್ನ ಕೇಳಿದ್ದಳು ಎಂದು ಅನ್ನಪೂರ್ಣ ಹೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಏನು ಕೇಳಿದ್ದರು ಎಂದೆ. ಅಳಿಯ ಬಂದನಾ ಅಂತ, ಅಷ್ಟೇ ಎಂದಳು.

೨ ಏಪ್ರಿಲ್, ಬುಧವಾರ

ಆಡಳಿತ ಮಂಡಳಿಗೆ ಒಂದು ಟಿಪ್ಪಣಿ ಬರೆದೆ. ಹೊರಗುತ್ತಿಗೆಯವರಿಗೂ ರಜೆ ಪುಸ್ತಕ ತೆರೆಯಬೇಕು, ಕರಾರು ನವೀಕರಿಸುವಾಗ ಕಾಯಿಲೆಗೆ ಮತ್ತು ಸಾವಿಗೆ ದಿನಗಳನ್ನು ಸೇರಿಸಬೇಕು ಎಂದು. ನಾಲ್ಕು ಪುಟವಾಯಿತು. ತ್ರ್ಯಂಬಕರು ಮುಂದಿನ ಸಭೆಗೆ ಇಡುತ್ತೇನೆ ಎಂದರು. ಮುಂದಿನ ಸಭೆ ಜೂನ್‌ನಲ್ಲಿ. ಆಗ ನಾನಿರುವುದಿಲ್ಲ.

೪ ಏಪ್ರಿಲ್, ಶುಕ್ರವಾರ

ಮೂರು ಗಂಟೆಗೆ ಶಿಲ್ಪಶ್ರೀ ಬಂದಳು. ಏಳು ವರ್ಷದ ಅನುಭವ ಪತ್ರ ಬೇಕಿತ್ತು. ಮೊದಲೇ ಸಿದ್ಧ ಮಾಡಿಟ್ಟಿದ್ದೆ, ಕೊಟ್ಟೆ. ಓದಿ ಚೀಲದಲ್ಲಿಟ್ಟುಕೊಂಡಳು. ಕೂರು ಎಂದರೆ ಕೂರಲಿಲ್ಲ. ತನ್ನ ಕುರ್ಚಿಯಲ್ಲಿದ್ದ ಮೇಘನಳನ್ನು ಒಮ್ಮೆ ನೋಡಿದಳು.

“ಹದಿನೇಳನೇ ತಾರೀಖು ನನ್ನ ಸಹಿ ಇದೆ ಸಾರ್. ಅದನ್ನ ತೆಗೀಬಹುದಾ?”

ಮೊದಲು ಅರ್ಥವಾಗಲಿಲ್ಲ. ಉದ್ದ ನೋಟ್‌ಬುಕ್ಕು ತೆಗೆದೆ. ಮಾರ್ಚ್ ೧೭ರ ಮುಂದೆ ಅವಳ ದುಂಡು ಅಕ್ಷರದ ಸಹಿ, ಬಂದ ಸಮಯ ಒಂಬತ್ತು ಐವತ್ತು. ಆ ದಿನದ ಸಂಬಳ ವಾಪಸು ಹೋಗುತ್ತದೆ ಎಂದೆ.

“ಹೋಗ್ಲಿ. ಅಪ್ಪ ಹೋಗುವಾಗ ನಾನು ಡ್ಯೂಟಿಯಲ್ಲಿದ್ದೆ ಅಂತ ಒಂದು ಪುಸ್ತಕದಲ್ಲಿ ಇರೋದು ಬೇಡ.”

ಹಾಜರಿ ತಿದ್ದಿದರೆ ಕಾರ್ಯದರ್ಶಿಯವರ ಸಹಿ ಬೇಕು. ಪುಸ್ತಕ ಹಿಡಿದು ಒಳಗೆ ಹೋದೆ. ಆಡಿಟ್ ಆದ ಪುಟ ಇದು ಎಂದರು ತ್ರ್ಯಂಬಕರು. ಯಾಕೆ ಎಂದು ಕೇಳಿದರು, ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಆಚೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಷರಾ ಕಾಲಮ್ಮಿನಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿದರು. ನಾನು ಅಲ್ಲೇ ನಿಂತು ಸಹಿಯ ಮೇಲೆ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಬರೆದೆ: ‘ಗೈರು. ತಂದೆಯ ಬಳಿ ಇದ್ದರು.’

ಅವರು ಓದಿದರು. ನಾನು ಅಲ್ಲಿದ್ದೆ, ಅವಳು ಇಲ್ಲಿದ್ದಳು ಎಂದು ಅವರಿಗೂ ಗೊತ್ತು. ಕೆಳಗೆ ಚಿಕ್ಕದಾಗಿ ಸಹಿ ಹಾಕಿದರು.

ಹೊರಗೆ ತಂದು ಶಿಲ್ಪಶ್ರೀಗೆ ತೋರಿಸಿದೆ. ಆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು. ಆಗ ಅತ್ತಳು. ಆಸ್ಪತ್ರೆಯಲ್ಲಾಗಲಿ ಮಣ್ಣಿನ ದಿನವಾಗಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಮೇಘನ ಕುರ್ಚಿ ಬಿಟ್ಟು ಎದ್ದು ನಿಂತಳು. ಚೀಟಿಗೆ ನಿಂತಿದ್ದ ಇಬ್ಬರು ಬೆಳೆಗಾರರು ಅತ್ತ ತಿರುಗಿದರು. ಶಿಲ್ಪಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು ಪುಸ್ತಕವನ್ನು ತಾನೇ ಮುಚ್ಚಿ ನನ್ನ ಕೈಗೆ ಕೊಟ್ಟಳು. ನನ್ನ ಮುಖ ನೋಡಲಿಲ್ಲ. ನೋಡದೆಯೇ, ಬರ್ತೀನಿ ಎಂದಳು.

ಬಾಗಿಲವರೆಗೆ ಹೋಗಬೇಕೆನಿಸಿತು. ಹೋಗಲಿಲ್ಲ.